ಆರು ಹೆಸರು, ಒಂದು ಹಾರೆಯ ಸದ್ದು

ಸೂರ್ಯ ಇನ್ನೂ ಅಷ್ಟೂರಿನ ಗುಂಬಜಗಳ ಆಚೆಗೇ ಇದ್ದಾನೆ. ಈಚೆಗೆ, ಬೀದರಿನ ಕೆಂಪು ದಿಣ್ಣೆ ಇಳಿಯುತ್ತ ಇಳಿಯುತ್ತ ಕಪ್ಪು ನೆಲವಾಗುವ ಕಡೆ, ಚಿಕ್ಕಝರಿ ಎಂಬ ಸಣ್ಣ ಊರಿನ ನೆತ್ತಿಯ ಮೇಲೆ, ಕಲ್ಲು ಕಟ್ಟಿದ ನೀರಿನ ಹೌಜಿನ ಗೋಡೆ ಏರಿ ಒಬ್ಬ ಹೆಂಗಸು ನಿಂತಿದ್ದಾಳೆ. ಕಚ್ಚೆ ಬಿಗಿದ ಸೀರೆ, ಕೈಯಲ್ಲಿ ಎದೆಯೆತ್ತರದ ಕಬ್ಬಿಣದ ಹಾರೆ. ಕೆಳಗಿನ ತೋಟಗಳು ಇನ್ನೂ ಒಂದರಿಂದ ಒಂದು ಬಿಡಿಸಿಕೊಂಡಿಲ್ಲ; ಕತ್ತಲೆಯ ಒಂದೇ ತುಂಡಾಗಿ ಬಿದ್ದಿವೆ. ಆಕೆ ಗಂಟಲು ಸರಿಮಾಡಿಕೊಂಡು ಆ ಕತ್ತಲೆಯೊಳಗೆ ಒಂದು ಹೆಸರನ್ನು ಕೂಗುತ್ತಾಳೆ.

“ಹಾವಗೆಪ್ಪಾ…”

ಜವಾಬಿಲ್ಲ. ಎಲ್ಲೋ ಒಂದು ನಾಯಿ ಬೊಗಳಿ ಸುಮ್ಮನಾಗುತ್ತದೆ.

“ಏ ಹಾವಗೆಪ್ಪಾ…”

“ಎದ್ದೇನಿ ಕಾಕು, ಎದ್ದೇನಿ. ಒಂದ ಕಣ್ಣ ತೆರದದ. ಇನ್ನೊಂದ ತೆರೀಲಿಕ್ಕ ಹತ್ತೇನಿ.”

“ಒಂದ ಕಣ್ಣಿಗೆ ಅರ್ಧಾ ನೀರ ಬಿಡ್ಲೇನು?”

“ಬ್ಯಾಡವಾ ತಾಯಿ, ಎರಡೂ ತೆರದಾವ. ಬಂದೇನಿ.”

‘ಬಂದೇನಿ’ ಎಂಬ ಆ ಒಂದು ಮಾತು ತೋಟದ ಒಡ್ಡಿನ ಮೇಲಿಂದಲೇ ಬರಬೇಕು. ಮನೆಯ ಹಾಸಿಗೆಯಿಂದ ಬಂದರೆ ಅದಕ್ಕೆ ಬೆಲೆಯಿಲ್ಲ. ಮಾತು ಕಿವಿಗೆ ಬಿದ್ದ ಮೇಲೆ ಜನಾಬಾಯಿ ಗೋಡೆಯಿಂದ ಇಳಿದು, ತೂಬಿನ ಸಂದಿಗೆ ಹಾರೆಯ ತುದಿ ಕೊಟ್ಟು, ಮೈಯ ಭಾರವನ್ನೆಲ್ಲ ಅದರ ಮೇಲೆ ಬಿಡುತ್ತಾಳೆ. ಹಳೆಯ ಬಟ್ಟೆ ಸುತ್ತಿದ ಬೇವಿನ ಗೂಟ ಸಡಿಲಾಗುತ್ತದೆ. ರಾತ್ರಿಯೆಲ್ಲ ಕಲ್ಲಿನೊಳಗೆ ಕೂತಿದ್ದ ನೀರು ಕಾಲುವೆಗೆ ಬೀಳುತ್ತದೆ. ಆ ಸದ್ದು ಕೇಳಿಸಿಕೊಳ್ಳುವುದಕ್ಕೆ ಆಕೆ ಒಂದು ಗಳಿಗೆ ತಲೆ ಓರೆಮಾಡಿ ನಿಲ್ಲುತ್ತಾಳೆ. ಸದ್ದು ಮೊದಲಿನಷ್ಟು ದಪ್ಪವಾಗಿಲ್ಲ ಎಂಬುದು ಅವಳಿಗೆ ಗೊತ್ತು. ಆದರೂ ದಿನವೂ ಕೇಳುತ್ತಾಳೆ.

ಜನಾಬಾಯಿ ಚಿಕ್ಕಝರಿಯ ನೀರಗಂಟಿ. ಊರಿನ ನೀರನ್ನು ಹಂಚುವುದು ಅವಳ ಕೆಲಸ. ದಿಣ್ಣೆಯ ಕೆಂಪು ಕಲ್ಲು ಮಳೆಯನ್ನು ಹೀರಿಕೊಂಡು ವರ್ಷವಿಡೀ ಅದನ್ನು ಹನಿಹನಿಯಾಗಿ ನೆನೆಯುತ್ತಿರುವಂಥದು. ಆ ನೆನಪು ಹೊರಗೆ ಒಸರುವ ಕಡೆ ಹಿಂದೆಂದೋ ಯಾರೋ ಸುರಂಗ ಕೊರೆದು, ಅದರ ಬಾಯಿಗೆ ಹೌಜು ಕಟ್ಟಿದರು. ಕೆಳಗೆ ಏಳು ತೋಟ. ಆದ್ದರಿಂದ ಏಳು ಪಾಳಿ. ರಾತ್ರಿ ತುಂಬಿದ ಹೌಜು ಬೆಳಗಿಗೆ ಒಬ್ಬರದು. ಹೀಗೆ ವಾರ ತಿರುಗುವಷ್ಟರಲ್ಲಿ ಏಳೂ ತೋಟಕ್ಕೆ ನೀರು ತಿರುಗಿ ಬರುತ್ತಿತ್ತು. ಏಳನೆಯ ಪಾಳಿ ನೀರಗಂಟಿಯದೇ. ಅದೇ ಅವಳ ಕೂಲಿ. ಆ ನೀರಿನಲ್ಲಿ ಉಳ್ಳಾಗಡ್ಡಿ ಬೆಳೆದುಕೊಂಡು ಬದುಕಬೇಕು.

“ಮೊದಲ ನೀರ ನೋಡಿ ಮಂದಿ ವಾರ ಹೇಳ್ತಿದ್ರು,” ಎನ್ನುತ್ತಾಳೆ ಜನಾಬಾಯಿ. “ಹಾವಗೆಪ್ಪನ ಬದನಿಗಿಡಕ್ಕ ನೀರ ಬಿತ್ತಂದ್ರ ಬುಧವಾರ. ನನ್ನ ಉಳ್ಳಾಗಡ್ಡಿಗೆ ಬಿತ್ತಂದ್ರ ಮಂಗಳವಾರ. ಈಗ ಯಾವ ವಾರ ಯಾರ ನೀರೋ ಯಾರಿಗೂ ತಿಳೀವಲ್ದು.”

ತಿಳಿಯದಾಗಲು ಕಾರಣ ತಲೆಯ ಮೇಲೆಯೇ ಇದೆ. ಕಿವಿಗೊಟ್ಟರೆ ದಿಣ್ಣೆಯ ಕಡೆಯಿಂದ ತಡತಡ ಎಂಬ ಸದ್ದು ಬರುತ್ತದೆ. ಅದು ಶಿವರಾಜಪ್ಪನ ಎಣ್ಣೆ ಎಂಜಿನ್ನು. ಜಾಗೀರಿನ ಕಾಲ ಮುಗಿದ ಮೇಲೆ ಶಿವರಾಜಪ್ಪ ದಿಣ್ಣೆಯ ಮೇಲಿನ ಹೊಲವನ್ನು ತನ್ನದಾಗಿಸಿಕೊಂಡು, ಅದರಲ್ಲಿ ಬಾವಿ ತೋಡಿಸಿದ. ಭಾಲ್ಕಿಯ ಹತ್ತಿಯ ಗಿರಣಿಯೊಂದರಲ್ಲಿ ದುಡಿದು ಹಳತಾಗಿದ್ದ ಎಂಜಿನ್ನನ್ನು ಕೊಂಡು, ಗೂಡ್ಸ್ ಗಾಡಿಯಲ್ಲಿ ಬೀದರಿಗೆ ತಂದು, ಅಲ್ಲಿಂದ ಎತ್ತು ಕಟ್ಟಿ ದಿಣ್ಣೆಗೆ ಎಳೆಸಿದ. ಅದು ಬಂದ ದಿನ ಚಿಕ್ಕಝರಿಯ ಹೆಂಗಸರೆಲ್ಲ ಹೋಗಿ ಆರತಿ ಎತ್ತಿದರು.

“ನಾನೂ ಹೋಗೇನಿ, ಸುಳ್ಳು ಯಾಕ ಹೇಳ್ಲಿ? ಕೈ ಮುಗದೇನಿ ಅದಕ್ಕ. ನಮ್ಮ ನೀರ ಕುಡೀಲಿಕ್ಕ ಬಂದದಂತ ಅವತ್ತ ಯಾರಿಗೆ ಗೊತ್ತಿತ್ತು?”

ಮೇಲಿನ ಬಾವಿ ಆಳವಾದಂತೆಲ್ಲ ಕೆಳಗಿನ ಸುರಂಗದ ಬಾಯಿ ಒಣಗತೊಡಗಿತು. ಒಂದು ರಾತ್ರಿಗೆ ತುಂಬುತ್ತಿದ್ದ ಹೌಜಿಗೆ ಈಗ ಎರಡು ರಾತ್ರಿ ಬೇಕು. ವಾರಕ್ಕೊಮ್ಮೆ ಬರುತ್ತಿದ್ದ ಪಾಳಿ ಹದಿನೈದು ದಿನಕ್ಕೆ ಹೋಯಿತು. ಊರಿನವರು ಮೇಲೆ ಹೋಗಿ ಕೇಳಿಕೊಂಡರು. ನೀರು ನನ್ನ ಹೊಲದ ಹೊಟ್ಟೆಯೊಳಗಿಂದ ಬರುತ್ತದೆ, ನಿಮ್ಮ ಹೌಜಿನಿಂದ ಮೊಗೆದುಕೊಂಡಿಲ್ಲ, ಎಂದು ಶಿವರಾಜಪ್ಪ ಚಹಾ ಕುಡಿಸಿ ಕಳಿಸಿದ. ಮಾತಿನಲ್ಲಿ ಸಿಟ್ಟೇನೂ ಇರಲಿಲ್ಲ. ನೆಲದ ಮೇಲಿನ ನೀರಿಗೆ ಪಾಳಿಯುಂಟು, ನೆಲದೊಳಗಿನ ನೀರಿಗೆ ಯಾರ ಪಾಳಿ ಎಂದು ಹೇಳಬಲ್ಲವರು ಊರಿನಲ್ಲಿ ಯಾರೂ ಇರಲಿಲ್ಲ.

ಜನಾಬಾಯಿ ಈಗ ಬೆಳಗಿನ ನೀರು ಬಿಟ್ಟು, ರೊಟ್ಟಿಯ ಗಂಟು ಕಟ್ಟಿಕೊಂಡು, ಅದೇ ಶಿವರಾಜಪ್ಪನ ಕಬ್ಬಿಗೆ ಕಳೆ ತೆಗೆಯಲು ಹೋಗುತ್ತಾಳೆ. ಅವಳ ಸ್ವಂತ ಉಳ್ಳಾಗಡ್ಡಿಯ ತುಂಡಿನಲ್ಲಿ ಮೂರು ಬೇಸಿಗೆಯಿಂದ ಏನೂ ಇಲ್ಲ. ಅದಕ್ಕೆ ಕಾರಣ ಎಂಜಿನ್ನಲ್ಲ. ಆ ಕಾರಣದ ಹೆಸರು ಖಾಸಿಂ ಅಲಿ.

ನೀರು ಕರೆಯುವ ಕೆಲಸ ಮೊದಲು ಅವಳ ಗಂಡನದು. ಗಂಡ ಧೊಂಡಿಬಾ ದೊಡ್ಡ ದನಿಯ ಆಸಾಮಿ. ಆರೂ ಪಾಳಿಯವರ ಹೆಸರು ಕರೆದು, ತನ್ನ ಪಾಳಿಯ ದಿನ ತನ್ನ ಹೆಸರನ್ನೂ ತಾನೇ ಮೂರು ಸಲ ಕರೆದು, ಓಡುತ್ತ ತನ್ನ ತೋಟಕ್ಕೆ ಇಳಿದು, ಅಲ್ಲಿಂದ ‘ಬಂದೇನಿ’ ಎಂದು ತಾನೇ ಕೂಗಿ, ಮತ್ತೆ ಓಡಿ ಬಂದು ಗೂಟ ತೆಗೆಯುತ್ತಿದ್ದನಂತೆ. ನಕ್ಕವರಿಗೆ, ಕಾಯಿದೆ ಅಂದರೆ ಕಾಯಿದೆ ಎನ್ನುತ್ತಿದ್ದ. ಅವನು ತೀರಿಕೊಂಡಾಗ ಮಕ್ಕಳಿರಲಿಲ್ಲ. ಹಾರೆ ಜನಾಬಾಯಿಯ ಕೈಗೆ ಬಂತು. ಹೆಂಗಸು ಗಂಡಸರ ಹೆಸರು ಹಿಡಿದು ಕೂಗುವುದೆಂದರೇನು ಎಂದು ಕೆಲವರು ಮೂಗು ಮುರಿದರು. ನೀರು ಬಂದ ಮೇಲೆ ಆ ಮೂಗುಗಳು ನೆಟ್ಟಗಾದವು. ಆದರೆ ಏಳನೆಯ ಹೆಸರು ಅವಳ ಬಾಯಿಗೆ ಬರುವಂತಿರಲಿಲ್ಲ. ಪಾಳಿ ಇನ್ನೂ ಗಂಡನ ಹೆಸರಿನಲ್ಲೇ ಇತ್ತು. ಗಂಡನ ಹೆಸರು ಹೇಳುವ ರೂಢಿ ಅವಳ ಮನೆತನದಲ್ಲಿಲ್ಲ. ಹಾಗಾಗಿ ತನ್ನ ಪಾಳಿಯ ದಿನ ಆಕೆ ಹೌಜಿನ ಗೋಡೆಗೆ ಹಾರೆಯಿಂದ ಮೂರು ಸಲ ಬಡಿಯುತ್ತಿದ್ದಳು. ಊರಿಗೆ ಅಷ್ಟು ಸಾಕಾಗಿತ್ತು. ಅಲ್ಲಿಂದ ಇಲ್ಲಿಯವರೆಗೆ ಚಿಕ್ಕಝರಿಯಲ್ಲಿ ಪಾಳಿಯೆಂದರೆ ಆರು ಹೆಸರು, ಒಂದು ಹಾರೆಯ ಸದ್ದು.

ಖಾಸಿಂ ಅಲಿಯದು ಪೇರಲ ತೋಟ, ಜನಾಬಾಯಿಯ ತುಂಡಿಗೆ ಒಡ್ಡು ಹತ್ತಿಕೊಂಡದ್ದು. ಹರೆಯದಲ್ಲಿ ಬಾವಿ ಕೆಲಸಕ್ಕೆ ಹೋದಾಗ ಬಂಡೆ ಒಡೆಯುವ ಮದ್ದು ಹತ್ತಿರವೇ ಸಿಡಿದು ಅವನ ಕಿವಿ ಮಂದವಾಗಿತ್ತು. ಕೂಗಿದರೆ ಕೇಳದು, ಕೇಳಿದರೂ ಎಷ್ಟು ಕೂಗಿ ಉತ್ತರ ಕೊಡಬೇಕೆಂಬ ಅಂದಾಜು ಸಿಗದು. ಅದಕ್ಕಾಗಿ ಅವನೊಬ್ಬನಿಗೆ ಊರು ಒಂದು ಸಡಿಲಿಕೆ ಕೊಟ್ಟಿತ್ತು. ಗುರುವಾರ ಬೆಳಗ್ಗೆ ಅವನು ಒಡ್ಡಿನ ಮೇಲಿನ ಪೇರಲ ಗಿಡದ ಕೆಳಗೆ ನಿಂತು ಹೌಜನ್ನೇ ನೋಡುತ್ತಿರುತ್ತಿದ್ದ. ಜನಾಬಾಯಿ ಗೋಡೆ ಏರಿ ಕೂಗಿದ್ದು ಕಂಡರೆ ಹೆಗಲ ಮೇಲಿನ ಬಿಳಿ ದಸ್ತಿಯನ್ನು ಬೀಸುತ್ತಿದ್ದ. ಅದೇ ಅವನ ‘ಬಂದೇನಿ’.

ಪೊಲೀಸ್ ಆ್ಯಕ್ಷನ್ ಆದ ನಲವತ್ತೆಂಟರ ಆ ಸೆಪ್ಟೆಂಬರಿನಲ್ಲಿ, ಐದೇ ದಿನಕ್ಕೆ ಸರಕಾರ ಬದಲಾಯಿತು. ಆಮೇಲಿನ ವಾರಗಳು ಅಷ್ಟು ಬೇಗ ಮುಗಿಯಲಿಲ್ಲ. ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಗುಂಪೊಂದು ಹೊರಗಿನಿಂದ ಬಂದು ಖಾಸಿಂ ಅಲಿಯನ್ನು ಕೊಂದು ಹೋಯಿತು. ಅವನ ಹೆಂಡತಿ ಮುನ್ನಿಬೀ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು, ಔರಾದಿನಲ್ಲಿ ಬಳೆ ಅಂಗಡಿ ಇಟ್ಟುಕೊಂಡಿದ್ದ ಅಣ್ಣನ ಮನೆಗೆ ನಡೆದಳು. ಮನೆಗೆ ಬೀಗ ಬಿತ್ತು. ತೋಟಕ್ಕೆ ಬೀಗವಿಲ್ಲ.

ಅದರ ಮುಂದಿನ ಗುರುವಾರ ಜನಾಬಾಯಿ ರೂಢಿಯ ಬಲದಿಂದಲೇ ಗೋಡೆ ಏರಿದಳು. ರೂಢಿಯ ಬಲದಿಂದಲೇ ಆ ಹೆಸರನ್ನು ಕರೆದಳು. ಮಬ್ಬಿನಲ್ಲಿ ಪೇರಲ ಗಿಡದ ಕೆಳಗೆ ಬಿಳಿ ಬಟ್ಟೆ ಬೀಸಿತು. ಆಕೆ ಇಳಿದು ಗೂಟ ತೆಗೆದಳು. ನೀರು ಅರ್ಧ ತೋಟ ಮುಟ್ಟಿದ ಮೇಲೆ ನೆನಪಾಯಿತು. ಓಡಿ ಹೋಗಿ ನೋಡಿದರೆ, ಕೊಂಬೆಗೆ ಸಿಕ್ಕಿಕೊಂಡಿದ್ದ ದಸ್ತಿ ಗಾಳಿಗೆ ಆಡುತ್ತಿತ್ತು.

ಜವಾಬಿಲ್ಲದೆ ನೀರು ಬಿಟ್ಟ ನೀರಗಂಟಿಗೆ ದಂಡವುಂಟು: ಆ ಸುತ್ತಿನಲ್ಲಿ ಅವಳ ಪಾಳಿ ಇಲ್ಲ. ಜನಾಬಾಯಿ ದಂಡ ಒಪ್ಪಿಕೊಂಡಳು. ಮುಂದಿನ ಗುರುವಾರ ಮತ್ತೆ ಹೆಸರು ಕರೆದಳು, ದಸ್ತಿ ಮತ್ತೆ ಆಡಿತು, ಮತ್ತೆ ಗೂಟ ತೆಗೆದಳು, ಮತ್ತೆ ದಂಡ ಕೊಟ್ಟಳು. ಅದರ ಮುಂದಿನ ಸಲವೂ ಹಾಗೆಯೇ. ಮೂರು ವರ್ಷ ತೀರುತ್ತ ಬಂದಿದೆ; ಅವಳ ತುಂಡಿಗೆ ಒಂದು ಕೊಡ ನೀರು ಹತ್ತಿಲ್ಲ.

“ಮೊದಲ ಸಲ ಕಣ್ಣ ತಪ್ಪತ್ರಿ,” ಎನ್ನುತ್ತಾಳೆ. “ಆಮ್ಯಾಲಿಂದಕ್ಕ ಕಣ್ಣಿನ ಮ್ಯಾಲ ಹಾಕೂದು ಬ್ಯಾಡ.”

ಹಾಗೆ ಮಾಡಿದ್ದು ಯಾಕೆ ಎಂದು ಕೇಳಿದರೆ, ಮುನ್ನಿಬೀಯ ಮೇಲಿನ ಪ್ರೀತಿಗೆ ಎಂದು ಕೇಳಿದವರು ಬರೆದಾರು ಎಂಬ ಹೆದರಿಕೆ ಅವಳಿಗೆ.

“ಜೀವದ ಗೆಳತೇರು ಅಂತ ಬರದಗಿರದೀರಿ. ಅಕಿ ನಾನು ಮಾತಾಡಿ ಎಷ್ಟೋ ವರ್ಷ ಆಗಿತ್ತು. ಅವರ ಮ್ಯಾಲಿನ ಸಾಲಿನ ಒಡ್ಡು ಒಡದು ನನ್ನ ಉಳ್ಳಾಗಡ್ಡಿ ಕೊಳೀತು. ಒಡ್ಡು ಕಟ್ಟಿಲ್ಲ ನೀ ಅಂತ ನಾ ಅಂದೆ. ನಿನ್ನ ಎಮ್ಮಿ ತುಳದು ನಮ್ಮ ನೀರ ಹಾಳಾತು ಅಂತ ಅಕಿ. ಜಗಳ ಅರ್ಧಕ್ಕ ನಿಂತದರಿ. ಪಾಳಿ ಹೋತಂದ್ರ ಅಕಿ ಇನ್ನ ಈ ಕಡಿ ಹಾಯೂದಿಲ್ಲ. ಜಗಳ ಯಾರ ಕೂಡ ಮುಗಸ್ಲಿ?”

ಪಾಳಿ ಹೋಗುವ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಮೂರು ಯುಗಾದಿ ಜವಾಬು ಬಾರದ ಪಾಳಿ ಸತ್ತಂತೆ ಎಂಬುದು ಚಿಕ್ಕಝರಿಯ ಕಟ್ಟಳೆ. ಸತ್ತ ಪಾಳಿಯ ನೀರು ಮುಂದಿನವರಿಗೆ. ಖಾಸಿಂ ಅಲಿಯ ಮುಂದಿನ ಪಾಳಿ ಹಣಮಂತಪ್ಪನದು. ಹೌಜು ಹಿಂದಿನಂತೆ ತುಂಬುತ್ತಿದ್ದರೆ ಹಣಮಂತಪ್ಪ ಬಾಯಿ ತೆರೆಯುತ್ತಿದ್ದನೋ ಇಲ್ಲವೋ. ಹದಿನೈದು ದಿನಕ್ಕೊಮ್ಮೆ ಬರುವ ನೀರಿಗೆ ಅವನ ಟೊಮ್ಯಾಟೊ ಹೂವಿನಲ್ಲೇ ಉದುರುತ್ತಿದೆ. ಈ ಯುಗಾದಿಯಂದು ಬೇವು ಬೆಲ್ಲ ಹಂಚಿದ ಕಟ್ಟೆಯ ಮೇಲೆಯೇ ಅವನು ಮಾತು ತೆಗೆದ.

“ವೈನಿ, ಸಿಟ್ಟಾಗಬ್ಯಾಡ್ರಿ. ಮೂರು ಯುಗಾದಿ ಆತು, ಒಂದ ದನಿ ಬಂದಿಲ್ಲ. ಗಾಳಿ ಜವಾಬ ಕೊಟ್ರ ಪಾಳಿ ಉಳೀತದೇನು? ಹಂಗಿದ್ರ ನನ್ನ ಆಕಳಿಗೂ ಒಂದ ಪಾಳಿ ಕೊಡ್ರಿ. ಅದು ಕರದ್ರ ಅಂಬಾ ಅಂತದ, ಗಾಳಿಗಿಂತ ಛಲೋ.”

ಕಟ್ಟೆ ನಕ್ಕಿತು. ಜನಾಬಾಯಿಯೂ ನಕ್ಕಳು. ಆಮೇಲೆ ಹೇಳಿದಳು: “ಜವಾಬಿಲ್ದ ನೀರ ಬಿಟ್ಟಿದ್ದು ನನ್ನ ತಪ್ಪು. ಅದಕ್ಕ ನನ್ನ ಪಾಳಿ ದಂಡ ಕೊಟ್ಟೇನಿ. ನೀವೆಲ್ಲಾ ತಗೊಂಡೀರಿ. ನೀರ ಹೋಗಿಲ್ಲಂದ್ರ ದಂಡ ಯಾತಕ್ಕ ತಗೊಂಡ್ರಿ? ನೀರ ಹೋದ ಪಾಳಿ ಸತ್ತಿಲ್ಲ.”

ಕಟ್ಟೆಯ ಮೇಲಿನ ನಗು ನಿಂತಿತು. ಹಣಮಂತಪ್ಪ ತಲೆ ತಗ್ಗಿಸಿಕೊಂಡು ಕೂತಿದ್ದವನು, ನೀರಿಗೆ ಸಂಬಂಧವಿಲ್ಲದ ಬೇರೊಂದು ಮಾತಾಡಿದ. ರಜಾಕಾರರ ಹಾವಳಿಯಲ್ಲಿ ಅವನ ಮೇವಿನ ಬಣವೆಗೆ ಬೆಂಕಿ ಬಿದ್ದಿತ್ತು. ಊರೆಲ್ಲ ಕೊಡ ಹಿಡಿದು ಓಡಿ ಬಂದಿತ್ತು. ಖಾಸಿಂ ಅಲಿ ಬಂದಿರಲಿಲ್ಲ.

“ಅಂವ ಕಿವುಡ ಇದ್ದ ಹಣಮಂತಪ್ಪಾ.”

“ಕಣ್ಣೂ ಕಿವುಡಿದ್ವೇನ ವೈನಿ? ಅಷ್ಟ ದೊಡ್ಡ ಉರಿ.”

ಖಾಸಿಂ ಅಲಿ ಹೆದರಿದ್ದನೇ, ಮಲಗಿದ್ದನೇ, ಹೇಳುವವನು ಅವನೊಬ್ಬನೇ. ಹಿರಿಯರು ನಡುವಿನ ದಾರಿ ಹಿಡಿದರು. ಮಿರಗದ, ಅಂದರೆ ಮೃಗಶಿರದ, ಮಳೆ ಬೀಳುವ ಮೊದಲಿನ ಕೊನೆಯ ಪಾಳಿಯ ತನಕ ಕಾಯುವುದು. ಅಷ್ಟರಲ್ಲಿ ಆ ಮನೆಯ ಒಂದು ದನಿ ಆ ಒಡ್ಡಿನ ಮೇಲಿಂದ ಬಂದರೆ ಪಾಳಿ ಇನ್ನು ಮೂರು ಯುಗಾದಿಗೆ ಜೀವಂತ. ಬಾರದಿದ್ದರೆ ಹೆಸರು ಕರೆಯುವುದು ಬಂದ್.

ಸುದ್ದಿ ಮುಟ್ಟಿಸುವವರು ಯಾರು? ಯಾರೂ ಎದ್ದು ನಿಲ್ಲಲಿಲ್ಲ. ಕಬ್ಬಿನ ಕೆಲಸಕ್ಕೆ ಒಂದು ದಿನ ಹೋಗದೆ ಜನಾಬಾಯಿ ಬೀದರಿಗೆ ನಡೆದು, ಅಲ್ಲಿಂದ ಔರಾದಿನ ಮೋಟಾರು ಹತ್ತಿದಳು. ಮೋಟಾರು ಹತ್ತಿದ್ದು ಅದೇ ಮೊದಲು. ದಾರಿಯಲ್ಲಿ ಮಾಂಜ್ರಾ ಹೊಳೆ ಕಂಡು, ಇಷ್ಟು ನೀರಿಗೆ ಎಷ್ಟು ಹೆಸರು ಕರೆಯಬೇಕಾದೀತು ಎಂದು ಲೆಕ್ಕ ಹಾಕುತ್ತ ಕೂತಿದ್ದಳಂತೆ.

ಮುನ್ನಿಬೀ ಬಳೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೌದಿ ಹೊಲಿಯುತ್ತಿದ್ದಳು. ಸೂಜಿ ನಿಲ್ಲಿಸಲಿಲ್ಲ.

“ಬಂದಿ?”

“ಬಂದೆ.”

“ಯಾಕ?”

“ಮಿರಗದ ಒಳಗ ಒಂದ ಸಲ ಬಂದು, ಕರದಾಗ ಓ ಅನ್ನು. ಪಾಳಿ ಉಳೀತದ.”

ಮುನ್ನಿಬೀ ದಾರವನ್ನು ಹಲ್ಲಿನಿಂದ ಕಡಿದಳು. “ಆ ಊರಾಗ ನಾ ಕರದಾಗ ಯಾರ ಓ ಅಂದ್ರು ಜನಾಕ್ಕಾ?”

ಹೊರಗೆ ಅಂಗಡಿಯಲ್ಲಿ ಯಾರಿಗೋ ಬಳೆ ತೊಡಿಸುತ್ತಿದ್ದ ಸದ್ದು ಬರುತ್ತಿತ್ತು. ಮುನ್ನಿಬೀ ಸೂಜಿಗೆ ಹೊಸ ದಾರ ಪೋಣಿಸಿ, ತಾನೇ ಕೇಳಿದಳು.

“ಮ್ಯಾಲಿನ ಸಾಲಿನ ಗಿಡಾ?”

“ನಿಂತಾವ. ಅರ್ಧಾ ಒಣಗ್ಯಾವ. ಕೆಳಗಿನ ಸಾಲಿಗಷ್ಟ ನೀರ ಬಿಡ್ತೇನಿ. ಮ್ಯಾಲಿಂದು ತೆಗದಿಲ್ಲ. ಒಡ್ಡು ಗಟ್ಟಿಲ್ಲ ಅಲ್ಲಿ.”

“ಒಡ್ಡು ಗಟ್ಟಿತ್ತು. ನಿನ್ನ ಎಮ್ಮಿ ತುಳದದ.”

“ಎಮ್ಮಿ ಹೆಸರ ತಗೀಬ್ಯಾಡ. ಅದು ಸತ್ತು ಎರಡ ವರ್ಷ ಆತು.”

“ಸತ್ರ ಏನಾತು? ತುಳದದ್ದು ತುಳದದ್ದ.”

ಆಮೇಲೆ ಮುನ್ನಿಬೀ ಎದ್ದು ಚಹಾ ಮಾಡಿದಳು. ಬರುತ್ತೇನೆ ಎನ್ನಲಿಲ್ಲ. ಬರುವುದಿಲ್ಲ ಎಂದೂ ಅನ್ನಲಿಲ್ಲ. ಕೊನೆಯ ಮೋಟಾರಿಗೆ ಜನಾಬಾಯಿ ಹಿಂದಿರುಗಿದಳು. ಮರುದಿನ ಬೆಳಗ್ಗೆ ಬೇರೆಯವರ ಹೆಸರು ಕರೆದು, ಕಬ್ಬಿನ ಕಳೆಗೆ ಹೋದಳು.

ದಿಣ್ಣೆಯ ಎಂಜಿನ್ನಿಗೆ ತಿಂಗಳಿಗೊಂದು ದಿನ ಬಿಡುವುಂಟು. ಅಮಾವಾಸ್ಯೆಗೆ ಎತ್ತಿನ ಹೆಗಲಿಗೆ ನೊಗ ಇ‌ಡದ ನಾಡು ಇದು. ಶಿವರಾಜಪ್ಪ ಎಂಜಿನ್ನನ್ನೂ ಎತ್ತಿನ ಸಾಲಿಗೇ ಸೇರಿಸಿದ್ದಾನೆ. ಆ ದಿನ ಅದಕ್ಕೆ ಕಾಯಿ ಒಡೆದು, ಊದಿನಕಡ್ಡಿ ಹಚ್ಚಿ, ಸುಮ್ಮನೆ ನಿಲ್ಲಿಸುತ್ತಾನೆ. ಮಾರನೆಯ ಬೆಳಗ್ಗೆ ಕೆಳಗಿನ ಹೌಜು ಕಂಠದ ತನಕ ತುಂಬಿರುತ್ತದೆ. ಮಿರಗದ ಮೊದಲಿನ ಆ ಕೊನೆಯ ಪಾಳಿ ಈ ಸಲ ಅಮಾವಾಸ್ಯೆಯ ಮರುದಿನಕ್ಕೇ ಬಂದಿದೆ.

ಹಿಂದಿನ ಸಂಜೆ ಜನಾಬಾಯಿ ಪೇರಲ ಗಿಡದ ಕೆಳಗೆ ಹೋಗಿ ದಸ್ತಿಯನ್ನು ಬಿಡಿಸಿಕೊಂಡು ಬಂದಿದ್ದಾಳೆ. ಮೂರು ವರ್ಷದ ಬಿಸಿಲು ಮಳೆಗೆ ಅದು ಎರಡು ಬೆರಳಗಲದ ಚಿಂದಿಯಾಗಿದೆ. “ದನಿಯಿಂದನ ಬರಬೇಕಂತ ಮಾತಾಗ್ಯಾದಲ್ರಿ. ಗಾಳಿ ನಡುವ ಬಾಯಿ ಹಾಕಬಾರ್ದು,” ಎನ್ನುತ್ತಾಳೆ. ಹೇಳುವಾಗ ಮುಖದಲ್ಲಿ ಏನೂ ಇಲ್ಲ.

ಬೆಳಗು. ಹೌಜು ತುಂಬಿ, ಗೋಡೆಯ ಮೇಲಂಚು ಒದ್ದೆಯಾಗಿದೆ. ಹಣಮಂತಪ್ಪ ತನ್ನ ಒಡ್ಡಿನ ಮೇಲೆ ಸಲಿಕೆ ಊರಿಕೊಂಡು ನಿಂತಿದ್ದಾನೆ. ಅವನ ಪಕ್ಕದಲ್ಲಿ ಹಾವಗೆಪ್ಪ, ಇವತ್ತು ಎರಡೂ ಕಣ್ಣು ತೆರೆದುಕೊಂಡು. ಜನಾಬಾಯಿ ಗೋಡೆ ಏರುತ್ತಾಳೆ.

“ಖಾಸಿಂ ಅಲೀ…”

ಪೇರಲ ತೋಟದ ಕತ್ತಲೆ ಹಾಗೆಯೇ ಇದೆ.

“ಖಾಸಿಂ ಅಲೀ…”

ಹಣಮಂತಪ್ಪ ಸಲಿಕೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತಾನೆ. ಜನಾಬಾಯಿ ಮೂರನೆಯ ಸಲ ಕೂಗುವ ಮುಂಚೆ ಬಹಳ ಹೊತ್ತು ತೆಗೆದುಕೊಳ್ಳುತ್ತಾಳೆ. ಅಷ್ಟು ತಡ ಮಾಡುವ ಹಕ್ಕು ಅವಳಿಗಿಲ್ಲ, ಯಾರೂ ಆಕ್ಷೇಪಿಸುವುದಿಲ್ಲ. ಕೊನೆಗೆ ಮೂರನೆಯ ಕರೆಯೂ ಇಳಿಜಾರಿನಲ್ಲಿ ಇಳಿದು ಹೋಗುತ್ತದೆ.

“ಕೇಳಸ್ತದವಾ. ಕಿವುಡ ಇದ್ದಂವ ನನ್ನ ಗಂಡ, ನಾ ಅಲ್ಲ. ಬಂದೇನಿ. ಬಿಡು.”

ಮುನ್ನಿಬೀ ಪೇರಲ ಗಿಡದ ಕೆಳಗೆ, ಒಡ್ಡಿನ ಮೇಲೆಯೇ ನಿಂತಿದ್ದಾಳೆ. ನಿನ್ನೆಯ ಮೋಟಾರಿಗೆ ಬಂದು, ಮೈಲೂರಿನಲ್ಲಿ ನೆಂಟರ ಮನೆಯಲ್ಲಿ ಉಳಿದು, ನಸುಕಿನಲ್ಲಿ ಒಬ್ಬಳೇ ದಿಣ್ಣೆ ಇಳಿದು ಬಂದಿದ್ದಾಳೆ. ಊರೊಳಗೆ ಕಾಲಿಟ್ಟಿಲ್ಲ. ನೇರವಾಗಿ ತೋಟಕ್ಕೆ.

ಜನಾಬಾಯಿ ಗೂಟ ತೆಗೆಯುತ್ತಾಳೆ. ಇವತ್ತಿನ ಸದ್ದು ದಪ್ಪವಾಗಿದೆ. ಮುನ್ನಿಬೀ ಕೆಳಗಿನ ಸಾಲಿನ ಬಾಯಿ ಮುಚ್ಚಿ, ಮೂರು ವರ್ಷದಿಂದ ತೆಗೆಯದಿದ್ದ ಮೇಲಿನ ಸಾಲಿನ ಬಾಯಿಯನ್ನು ಕಾಲಿನಿಂದಲೇ ಸರಿಸುತ್ತಾಳೆ. ನೀರು ಒಳನುಗ್ಗಿ, ಒಣಗಿದ ಎಲೆಗಳನ್ನು ಎತ್ತಿಕೊಂಡು ಹೊರಟು, ಸ್ವಲ್ಪ ದೂರ ಹೋಗಿ, ಒಡ್ಡಿನ ಅದೇ ಹಳೆಯ ಜಾಗದಲ್ಲಿ ಕುಸಿದು ಜನಾಬಾಯಿಯ ಬರಿಯ ತುಂಡಿಗೆ ಹರಿಯತೊಡಗುತ್ತದೆ.

ನೀರು ದಾರಿ ತಪ್ಪುವುದನ್ನು ನೋಡುತ್ತ ನಿಲ್ಲಬಲ್ಲ ತೋಟಿಗ ಇನ್ನೂ ಹುಟ್ಟಿಲ್ಲ. ಆ ನೀರು ತನಗೆ ಬರಬೇಕಾಗಿತ್ತೋ ಬೇರೆಯವರಿಗೋ ಎಂದು ಎಣಿಸುವ ಮೊದಲೇ ಹಣಮಂತಪ್ಪ ತನ್ನ ಒಡ್ಡು ಜಿಗಿದು ಬಂದು, ಮೊಣಕಾಲುದ್ದ ಕೆಸರಿನಲ್ಲಿ ನಿಂತು ಸಲಿಕೆ ಹಾಕುತ್ತಿದ್ದಾನೆ. ಮಣ್ಣು ನಿಲ್ಲುತ್ತಿಲ್ಲ. ಬಾಗಿ ತೋಳು ತೂರಿಸಿ ನೋಡುತ್ತಾನೆ.

“ಭಾಬಿ, ಹೆಗ್ಗಣದ ಬಿಲ ಅದ ಇಲ್ಲಿ. ನನ್ನ ತೋಳ ಪೂರಾ ಹೋಗ್ಲಿಕ್ಕ ಹತ್ತದ.”

“ಹೊಸಾದೇನು?”

“ಎಲ್ಲೀ ಹೊಸಾದು? ಒಳಗ ಕಲ್ಲಾಗ್ಯಾದ. ನಮ್ಮ ಅಪ್ಪನ ಕಾಲದ್ದಿರಬೇಕು.”

ಒಡ್ಡಿನ ಆ ಕಡೆ ಮುನ್ನಿಬೀ, ಈ ಕಡೆ ಹೌಜಿನಿಂದ ಓಡಿ ಬಂದ ಜನಾಬಾಯಿ. ಇಬ್ಬರೂ ಬಗ್ಗಿ ಆ ತೂತನ್ನು ನೋಡುತ್ತಾರೆ. ಮುನ್ನಿಬೀ ಮೊದಲು ಮಾತಾಡುತ್ತಾಳೆ.

“ನಿನ್ನ ಎಮ್ಮಿಗೆ ಸುಮ್ಮನ ಬೈದೆ.”

“ಇಷ್ಟ ವರ್ಷದ ಜಗಳಾ ಒಂದ ಹೆಗ್ಗಣಾ ತಿಂದು ಹೋತಲ್ಲವಾ,” ಎನ್ನುವ ಜನಾಬಾಯಿಯ ದನಿಯಲ್ಲಿ ಸ್ವಲ್ಪ ನಿರಾಸೆಯೂ ಇದೆ.

ಹಣಮಂತಪ್ಪ ಹುಲ್ಲು ಸಮೇತ ಹೆಂಟೆ ಕಡಿದು ಬಿಲಕ್ಕೆ ಜಡಿದು ತುಳಿಯುತ್ತಾನೆ. ನೀರು ಸಾಲು ಹಿಡಿಯುತ್ತದೆ. ಮೇಲಿನ ಸಾಲಿನ ಕೊನೆಯ ಗಿಡಗಳನ್ನು ಮುಟ್ಟುವ ಮೊದಲೇ ಹೌಜು ಬರಿದಾಗುತ್ತದೆ. ಅಮಾವಾಸ್ಯೆಯ ಬಿಡುವಿನ ನೀರೂ ಅಷ್ಟೇ. ದಿಣ್ಣೆಯ ಮೇಲೆ ಎಂಜಿನ್ನು ಮತ್ತೆ ಶುರುವಾಗಿದೆ.

ಜನಾಬಾಯಿ ಸೊಂಟದಿಂದ ದಸ್ತಿಯ ಚಿಂದಿ ತೆಗೆದು ಕೊಡುತ್ತಾಳೆ. ಮುನ್ನಿಬೀ ಅದನ್ನು ಬಿಡಿಸಿ ನೋಡುವುದಿಲ್ಲ. ಮುಷ್ಟಿಯಲ್ಲಿ ಹಿಡಿದುಕೊಂಡು, ಕೆಸರು ತೊಳೆದುಕೊಳ್ಳುತ್ತಿರುವ ಹಣಮಂತಪ್ಪನ ಕಡೆ ತಿರುಗುತ್ತಾಳೆ. “ನಾ ಬರಲಾರದ ಪಾಳಿ ನೀ ಹಾಯಿಸ್ಕೋ. ಗಿಡಾ ಸಾಯಬಾರ್ದು, ಅಷ್ಟ ನೋಡು.”

ಹಣಮಂತಪ್ಪ ಗಿಡಗಳನ್ನು ಕಣ್ಣಿನಿಂದ ಅಳೆಯುತ್ತಾನೆ. “ಮ್ಯಾಲಿನ ಸಾಲಿಗೆ ಮೊದಲ ಬಿಡಬೇಕೋ, ಕೆಳಗಿಂದಕ್ಕೋ?” ಎಂದಷ್ಟೇ ಕೇಳುತ್ತಾನೆ. ಬಣವೆಯ ಬೆಂಕಿಯ ಮಾತು ಯಾರೂ ತೆಗೆಯುವುದಿಲ್ಲ.

ಬಿಸಿಲೇರುವ ಮೊದಲು ಮುನ್ನಿಬೀ ದಿಣ್ಣೆ ಹತ್ತಿ ಹೋಗುತ್ತಾಳೆ. ಬೀಗ ಹಾಕಿದ ಮನೆಯ ಕಡೆ ಅವಳು ಹೋಗಲಿಲ್ಲ.

ಈ ಸುತ್ತಿನಲ್ಲಿ ಜನಾಬಾಯಿಗೆ ದಂಡವಿಲ್ಲ. ಸುತ್ತಿನ ಕೊನೆಗೆ ಅವಳ ಪಾಳಿ ಅವಳದೇ. ಉಳ್ಳಾಗಡ್ಡಿಯ ಸಸಿಗೆ ಹೇಳಿಟ್ಟಿದ್ದಾಳೆ. ಇನ್ನೇನು ಬೇಕು ಎಂದು ಕೇಳಿದರೆ ಕಬ್ಬಿನ ಕಡೆ ನೋಡುತ್ತಾಳೆ. “ಅಮಾಸಿಗೆ ಎಂಜಿನ್ನಿಗೆ ಸೂಟಿ ಕೊಡ್ತಾರ. ಹುಣ್ಣಿಮಿಗೂ ಕೊಟ್ರ ಬೇಷ ಆಗ್ತಿತ್ತು. ದೊಡ್ಡ ಮಾತು ಕೇಳೂದಿಲ್ರಿ ನಾ. ಕಳೆ ತಗೀಲಿಕ್ಕ ಹೋದಾಗ ಸಾಹುಕಾರರ ಮುಂದ ಒಂದ ಸಲ ಅಂದು ನೋಡ್ತೇನಿ.”

ಮುನ್ನಿಬೀ ಮತ್ತೆ ಬರುತ್ತಾಳೆಯೇ?

“ಅದು ಅಕಿ ಕೆಲಸರಿ. ಕರಿಯೂದು ನನ್ನ ಕೆಲಸ. ಹಾರಿ ಹಿಡದಾಗಿಂದ ಒಂದ ಹೆಸರೂ ಬಿಟ್ಟಿಲ್ಲ ನಾ.”

ಒಂದನ್ನು ಬಿಟ್ಟಿದ್ದೀಯಲ್ಲ ಎಂದು ಪಕ್ಕದಲ್ಲಿದ್ದ ಹಾವಗೆಪ್ಪ ಅವಳನ್ನು ಕೆಣಕುತ್ತಾನೆ. ಜನಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಾಳೆ. ಆಮೇಲೆ ಹಾರೆಯನ್ನು ಹೌಜಿನ ಗೋಡೆಗೆ ಮೆಲ್ಲಗೆ ತಾಗಿಸುತ್ತಾಳೆ. ಕಲ್ಲು ಕಿಣಿ ಎನ್ನುತ್ತದೆ.

“ಅದನ್ನ ಇದು ಕರೀತದ.”